ಪೈರಿನ ನಡುವೆ ಸಿಕ್ಕಿಕೊಂಡ ಮ್ಯಾನೇಜರ್

ಹೋದ ವರ್ಷ ಶ್ರಾವಣದಲ್ಲಿ ನಡೆದದ್ದು. ನಾಲೆಗೆ ನೀರು ಬಿಟ್ಟು, ಕೆ.ಆರ್. ನಗರದ ಕಡೆ ಎಲ್ಲಿ ನೋಡಿದರೂ ನಾಟಿ. ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಹೊಲಗದ್ದೆಗೆ ಆಳು ಗೊತ್ತುಮಾಡಿಕೊಡುವ ಮೊಬೈಲ್ ಆಪ್ ನಮ್ಮದು. ಅದನ್ನು ಬಳಸುವವರ ಹತ್ತಿರ ಹೋಗಿ, ಜೊತೆಯಲ್ಲಿ ಕೂತು, ಎಲ್ಲಿ ತೊಡಕಾಗುತ್ತಿದೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಇದನ್ನು ವಿವರಿಸಿದಾಗ ನಮ್ಮತ್ತೆ, "ಅಂದ್ರೆ ಊರೂರು ಸುತ್ತಿ ಮಾತಾಡ್ಕಂಡು ಬರದಾ?" ಎಂದಿದ್ದರು. ಹೆಚ್ಚುಕಡಿಮೆ ಅಷ್ಟೇ.

ಮನೆ ಹುಣಸೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಒಂದು ದಿನ ಪಿರಿಯಾಪಟ್ಟಣ, ಒಂದು ದಿನ ಎಚ್.ಡಿ. ಕೋಟೆ, ಇನ್ನೊಂದು ದಿನ ಕೆ.ಆರ್. ನಗರ. ಸುತ್ತುವುದಕ್ಕೆ ನನಗೆ ಬೇಸರವಿರಲಿಲ್ಲ. ಬೇಸರ ಶುರುವಾಗುತ್ತಿದ್ದದ್ದು ವರದಿ ಕೊಟ್ಟ ಮೇಲೆ. ಮೀಟಿಂಗಿನಲ್ಲಿ ಎಲ್ಲರೂ "ತುಂಬಾ ಚೆನ್ನಾಗಿದೆ ಮೇಡಂ" ಎನ್ನುವರು, ಆಮೇಲೆ ತಾವು ಮೊದಲೇ ತೀರ್ಮಾನಿಸಿದ್ದನ್ನೇ ಮಾಡುವರು. ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ. ಕೇಳಿದ್ದಾರಲ್ಲ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಆ ಸಲದ ತಕರಾರು ಇದು. ಹೆಂಗಸರ ಗುಂಪುಗಳು ಆಪಿನಲ್ಲಿ ನಾಟಿಗೆ ಒಪ್ಪಿಕೊಂಡು, ಕೊನೆ ಗಳಿಗೆಯಲ್ಲಿ ಬರುವುದಿಲ್ಲ ಎನ್ನುತ್ತಿದ್ದವು. ಪೈರು ಕಿತ್ತಿಟ್ಟುಕೊಂಡು ಕಾದ ರೈತರು ನಮಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಹೀಗೆ ಕೈಕೊಟ್ಟ ಗುಂಪಿಗೆ ಆ ಹಂಗಾಮು ಮುಗಿಯುವವರೆಗೆ ಕೆಲಸವನ್ನೇ ತೋರಿಸಬಾರದು ಎಂದು ನಮ್ಮ ಮ್ಯಾನೇಜರ್ ಕಿರಣ್ ಹೊಸ ನಿಯಮ ತಯಾರು ಮಾಡಿದ್ದರು. ಶುಕ್ರವಾರದ ಮೀಟಿಂಗಿನಲ್ಲಿ ಅದು ಪಾಸಾಗಬೇಕಿತ್ತು.

ಅವರು ಯಾಕೆ ಬರುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಕೆಲಸ ಮುಗಿದ ಮೇಲೆ ರೈತರು ಒಬ್ಬೊಬ್ಬ ಹೆಂಗಸಿಗೂ ಬೇರೆ ಬೇರೆ ಸ್ಟಾರ್ ಕೊಡಬೇಕು. ಮುಂದಿನ ಸಲ ಗುಂಪು ಕೆಲಸಕ್ಕೆ ಒಪ್ಪಿಕೊಂಡ ಮೇಲೆ, ಸ್ಟಾರ್ ಕಡಿಮೆ ಬಿದ್ದವರನ್ನು ಆಪ್ ತಾನಾಗಿಯೇ ಬಿಟ್ಟು, ಗುಂಪಿನ ಉಳಿದವರನ್ನು ಮಾತ್ರ ಕರೆಯುತ್ತದೆ. ನಾನು ಓಡಾಡುತ್ತಿದ್ದ ಊರಿನ ಗುಂಪಿಗೆ ಜಯಮ್ಮ ಮೇಸ್ತ್ರಿ. ಅದರಲ್ಲಿ ಪುಟ್ಟತಾಯಮ್ಮ ಎಂಬವರು ಎಲ್ಲರಿಗಿಂತ ಹಿರಿಯರು, ಮಂಡಿ ನೋವು ಬೇರೆ. ಸ್ಟಾರ್ ಕಡಿಮೆ ಇದ್ದದ್ದು ಅವರಿಗೇ. ಅವರನ್ನು ಬಿಟ್ಟು ಬನ್ನಿ ಎಂದರೆ ಇಡೀ ಗುಂಪೇ ಹೊರಡುತ್ತಿರಲಿಲ್ಲ. ಇದನ್ನು ಬರೆದೆ, ಚಿತ್ರ ಹಾಕಿ ತೋರಿಸಿದೆ, ಊಟದ ಹೊತ್ತಿನಲ್ಲಿ ಹೇಳಿದೆ. "ಅದು ಒಂದು ಗುಂಪಿನ ಕಥೆ ಮೇಡಂ" ಎಂದು ಕಿರಣ್ ನಕ್ಕರು. ಕೆಟ್ಟವರಲ್ಲ, ಪುರುಸೊತ್ತಿಲ್ಲದವರು.

ಹೊಸ ನಿಯಮದ ಸುದ್ದಿಯನ್ನು ಜಯಮ್ಮನಿಗೆ ಮೊದಲೇ ತಿಳಿಸಿದೆ. ಪಕ್ಕದಲ್ಲೇ ಇದ್ದ ಪುಟ್ಟತಾಯಮ್ಮ ಎಲೆಅಡಿಕೆ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ನಾಟಿ ಕಾಲದ ಕೂಲಿಯೇ ಗುಂಪಿನವರಿಗೆಲ್ಲ ಮುಂದಿನ ತಿಂಗಳುಗಳಿಗೆ ಆಧಾರ.

"ನನ್ ದೆಸೆಯಿಂದ ಇವ್ರ ವಟ್ಟೆ ಮ್ಯಾಲೆ ವಡೀಬ್ಯಾಡಿ. ನನ್ನೆಸ್ರು ತಗ್ದಾಕ್ಬುಡಿ ಕಣವ್ವ" ಎಂದರು.

ಜಯಮ್ಮ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಶುಕ್ರವಾರದವರೆಗೆ ತಡೆಯಿರಿ ಎಂದು ಹೇಳಿ ಬಂದೆ. ಶುಕ್ರವಾರ ನಾನೇನು ಮಾಡಬಲ್ಲೆ ಎಂಬುದು ನನಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಕೆಲಸ ಬಿಟ್ಟುಬಿಡೋಣ ಅನ್ನಿಸಿತ್ತು.

ಅದೇ ವಾರ ಕಿರಣ್ ಆ ಊರಿಗೆ ಬಂದರು. ನನ್ನ ವರದಿ ಓದಿ ಬಂದದ್ದಲ್ಲ, ಜಾಹೀರಾತಿನ ವಿಡಿಯೊ ತೆಗೆಸಲು. ಗದ್ದೆಯನ್ನೂ ಜನರನ್ನೂ ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ನಾನು ಜಯಮ್ಮನ ಗುಂಪನ್ನೇ ಕರೆದಿದ್ದೆ, ಪುಟ್ಟತಾಯಮ್ಮನನ್ನೂ ಸೇರಿಸಿ. ಕ್ಯಾಮೆರಾದವನು, ಸಾರ್ ನೀವೂ ಇಳಿದು ನಾಲ್ಕು ಪೈರು ನೆಟ್ಟರೆ ಚೆನ್ನಾಗಿರುತ್ತೆ ಎಂದ. ಕಿರಣ್ ಪ್ಯಾಂಟು ಮಡಿಚಿಕೊಂಡು ಇಳಿದೇಬಿಟ್ಟರು. ಅವರ ಒಂದು ಪಕ್ಕ ಜಯಮ್ಮ, ಇನ್ನೊಂದು ಪಕ್ಕ ಪುಟ್ಟತಾಯಮ್ಮ.

ನಾಟಿ ಹಾಕುವವರು ಸಾಲಾಗಿ ಬಗ್ಗಿ ನಿಂತು, ನೆಡುತ್ತಾ ಹಿಂದಕ್ಕೆ ಹಿಂದಕ್ಕೆ ಬರುತ್ತಾರೆ. ಒಬ್ಬೊಬ್ಬರಿಗೆ ಒಂದಷ್ಟು ಅಗಲದ ಜಾಗ. ನಿಧಾನವಾದವರ ಎರಡೂ ಬದಿಗೆ ಪೈರು ನಿಂತು, ಅವರು ನಡುವೆ ಸಿಕ್ಕಿಕೊಳ್ಳುತ್ತಾರೆ. ಹಾಗಾಗದಿರಲೆಂದು ಪಕ್ಕದವರು ತಮ್ಮದರ ಜೊತೆಗೆ ಅವರ ಜಾಗದಲ್ಲೂ ಅಷ್ಟಿಷ್ಟು ನೆಟ್ಟುಕೊಂಡು ಬರುತ್ತಾರೆ. ಪುಟ್ಟತಾಯಮ್ಮನ ಪಾಲು ದಿನಾ ಮುಗಿಯುತ್ತಿದ್ದದ್ದು ಹೀಗೆ. ಬದುವಿನ ಮೇಲೆ ನಿಂತ ರೈತನಿಗೆ ಅವರು ಕಡಿಮೆ ನೆಟ್ಟದ್ದು ಕಾಣುತ್ತಿತ್ತು. ಸ್ಟಾರ್ ಕೇಳಿದರೆ ಅವನಾದರೂ ಏನು ಮಾಡಿಯಾನು.

ಸ್ವಲ್ಪ ಹೊತ್ತಿಗೆಲ್ಲ ಕಿರಣ್ ಸೊಂಟ ಹಿಡಿದುಕೊಂಡು ನಿಂತರು. ಸಾಲು ಹಿಂದೆ ಸರಿದಿತ್ತು, ಅವರು ಮಾತ್ರ ಪೈರಿನ ನಡುವೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆದರೆ ಪುಟ್ಟತಾಯಮ್ಮ ನಗಲಿಲ್ಲ. ನೋಯುವ ಕಾಲನ್ನು ಕೆಸರಿನಿಂದ ಕಿತ್ತು, ಕಿರಣ್ ಜಾಗಕ್ಕೆ ಕೈಚಾಚಿ ನೆಡತೊಡಗಿದರು. ಆ ಕಡೆಯಿಂದ ಜಯಮ್ಮನೂ ಕೈಹಾಕಿದರು. ಎಲ್ಲರೂ ಬದುವಿಗೆ ಬರುವ ಹೊತ್ತಿಗೆ ಕಿರಣ್ ಕೂಡ ಬದುವಿನಲ್ಲಿದ್ದರು.

"ನಿಮ್ಮದೇ ಕಷ್ಟ, ನನ್ನದನ್ನೂ ಯಾಕಮ್ಮ ನೆಟ್ರಿ?" ಎಂದು ಅವರು ಕೇಳಿದರು.

"ಒಬ್ರುನ್ನ ಪೈರೊಳಗೆ ಬುಟ್ಟು ಮ್ಯಾಕೆ ಎದ್ಬರಕ್ಕಾಯ್ತದಾ ಸ್ವಾಮಿ?" ಎಂದು ಪುಟ್ಟತಾಯಮ್ಮ ಕೈ ತೊಳೆಯಲು ನಾಲೆ ಕಡೆ ಹೋದರು.

ಅವರ ಹೆಸರೇನು ಎಂದು ಕಿರಣ್ ನನ್ನನ್ನು ಕೇಳಿದರು. ಹೇಳಿದೆ. ವರದಿಯಲ್ಲಿ ಇದ್ದದ್ದು ಇವರೇ ಎಂದೂ ಹೇಳಿದೆ. ಕಿರಣ್ ಕಾಲಿನ ಕೆಸರು ಉಜ್ಜಿಕೊಳ್ಳುತ್ತಾ ಕೂತರು.

ಶುಕ್ರವಾರದ ಮೀಟಿಂಗಿನಲ್ಲಿ ಕಿರಣ್ ಎದ್ದು ತಮ್ಮ ನಿಯಮವನ್ನು ತಾವೇ ಬೇಡವೆಂದರು. ಒಬ್ಬೊಬ್ಬರಿಗೆ ಸ್ಟಾರ್ ಕೊಡುವುದನ್ನು ತೆಗೆಯೋಣ, ಗುಂಪನ್ನು ಗುಂಪಾಗಿಯೇ ಕರೆಯೋಣ ಎಂದರು. "ಇದು ನಾನೇ ಗದ್ದೆಗಿಳಿದು ಕಂಡುಕೊಂಡದ್ದು" ಎಂದೂ ಸೇರಿಸಿದರು. ನನಗೆ ಸಿಟ್ಟು ಬಂತು. ಅಷ್ಟು ದಿನ ಬರೆದದ್ದು, ಬಸ್ಸಿನಲ್ಲಿ ನಿಂತು ಬಂದದ್ದು ಎಲ್ಲ ನೆನಪಾಯಿತು. ಸಿಟ್ಟು ಮಾಡಿಕೊಳ್ಳಲೂ ಸುಸ್ತು ಅನ್ನಿಸುವಷ್ಟು ದಣಿದಿದ್ದೆ.

ಅಷ್ಟರಲ್ಲಿ ಕಂಪನಿಯ ಯಜಮಾನರು, ನಿಧಾನದವರಿಗೂ ಅಷ್ಟೇ ಕೂಲಿ ಎಂದರೆ ರೈತ ಯಾಕೆ ಒಪ್ಪುತ್ತಾನೆ ಎಂದು ಕೇಳಿದರು. ಕಿರಣ್ ಕಾಗದ ತಿರುವಿದರು, ನೀರು ಕುಡಿದರು, ಆಮೇಲೆ ನನ್ನ ಕಡೆ ನೋಡಿದರು. ಉತ್ತರ ನನ್ನ ವರದಿಯಲ್ಲಿತ್ತು, ಓದಿದ್ದರೆ ತಾನೆ. ಸುಮ್ಮನಿದ್ದುಬಿಡಬಹುದಿತ್ತು. ಹಾಗೆ ಮಾಡಿದ್ದರೆ ಮೊದಲಿನ ನಿಯಮವೇ ಪಾಸಾಗುತ್ತಿತ್ತು, ಪುಟ್ಟತಾಯಮ್ಮನ ಹೆಸರು ಹೋಗುತ್ತಿತ್ತು.

ನಾನೇ ಎದ್ದು ಹೇಳಿದೆ. ಗದ್ದೆಯ ನಾಟಿಯನ್ನು ಇಡೀ ಗುಂಪಿಗೆ ಗುತ್ತಿಗೆ ಕೊಟ್ಟ ರೈತರು ಯಾರು ಎಷ್ಟು ನೆಟ್ಟರೆಂದು ಕೇಳುವುದೇ ಇಲ್ಲ, ಸಂಜೆಯೊಳಗೆ ನಾಟಿ ಮುಗಿದರೆ ಅವರಿಗೆ ಸಾಕು ಎಂದು ನಾನು ಕಂಡದ್ದನ್ನೆಲ್ಲ ವಿವರಿಸಿದೆ. ಯಜಮಾನರು ತಲೆಯಾಡಿಸಿದರು. ಸ್ಟಾರ್ ಹೋಯಿತು.

ಸಂಜೆ ಜಯಮ್ಮನಿಗೆ ಫೋನ್ ಮಾಡಿ ಹೇಳಿದರೆ, "ಸರಿ ಬುಡಿ, ನಾಳಿಕ್ ಕೆಲ್ಸ ಅದೆ" ಎಂದು ಇಟ್ಟುಬಿಟ್ಟರು.

ಈಗಲೂ ವರದಿ ಬರೆಯುತ್ತೇನೆ, ಅರ್ಧ ಯಾರೂ ಓದುವುದಿಲ್ಲ. ಆದರೆ ಯಾವ ತೀರ್ಮಾನಕ್ಕೂ ಮೊದಲು, ತೀರ್ಮಾನ ಮಾಡುವವರಲ್ಲಿ ಒಬ್ಬರನ್ನಾದರೂ ನನ್ನ ಜೊತೆ ಬಸ್ಸು ಹತ್ತಿಸಲು ನೋಡುತ್ತೇನೆ. ಎಷ್ಟೋ ಸಲ ಒಬ್ಬಳೇ ಹೋಗುತ್ತೇನೆ. ಅವತ್ತು ಮೀಟಿಂಗಿನಲ್ಲಿ ಕಿರಣ್ ಪಾಲನ್ನು ನಾನು ನೆಟ್ಟದ್ದು ಒಳ್ಳೆಯತನದಿಂದಲೋ ಸುಸ್ತಿನಿಂದಲೋ, ಇವತ್ತಿಗೂ ಗೊತ್ತಿಲ್ಲ. ಪುಟ್ಟತಾಯಮ್ಮನೂ ಅಂದು ಗದ್ದೆಯಲ್ಲಿ ಸುಸ್ತಾಗಿಯೇ ಇದ್ದರು.