ಗೂಟದ ಮೇಲಿನ ಕೋಟು

ಅಮೆರಿಕದ ವರ್ಮಾಂಟಿನ ಆ ಕಲ್ಲುಕುಟಿಗರ ಊರಿನಲ್ಲಿ, ಗಂಡ ಸತ್ತ ಇಟಲಿಯ ಹೆಂಗಸರ ಅಡುಗೆಮನೆಗಳೇ ಹೆಂಡದಂಗಡಿಗಳು, ಎರ್ಸಿಲಿಯಕ್ಕನದೂ ಅಷ್ಟೇ. ಪಾನನಿಷೇಧದ ಕಾನೂನು ಬಂದ ಮೇಲೂ ಅವಳು ಹೆಂಡಕ್ಕೆಂದು ರೈಲಿನಲ್ಲಿ ದ್ರಾಕ್ಷಿ ತರಿಸುವುದನ್ನು ಬಿಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಹಣ್ಣು ಹುಳಿಯೆಂದು ರೈಲಿನವರನ್ನು ಬೈಯುತ್ತಾಳೆ, "ಬಟ್ಟೆ ಹೊರಗೇ ಕೊಡವ್ಕೊಂಡು ಬನ್ರೋ, ಇದೇನು ನಿಮ್ಮಪ್ಪನ ಕಲ್ಲುಗಣಿನಾ?" ಎಂದು ಗಿರಾಕಿಗಳಿಗೇ ಗದರುತ್ತಾಳೆ. ಧೂಳು ಕಂಡರೆ ಅವಳಿಗಾಗದು. ಒರೆಸಿ ಒರೆಸಿ ಮೇಜಿನ ಮರವೇ ಸವೆದಿದೆ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಮಾತ್ರ ಬೈಗುಳ ನಿಲ್ಲುತ್ತದೆ, ಅವನು ಹೊಸ್ತಿಲು ದಾಟುವ ಮೊದಲೇ ಲೋಟ ತುಂಬಿರುತ್ತದೆ. ಆರು ತಿಂಗಳಿಗೊಮ್ಮೆ ಅಬಕಾರಿ ಅಧಿಕಾರಿ ಬಂದು ಪೀಪಾಯಿ ಒಡೆದು, "ಈ ವಿಷ ಜನಾನ ಕೊಲ್ಲುತ್ತಮ್ಮ. ನಿಮ್ಮ ದೇಶದ ಚಾಳಿ ಇಲ್ಲಿ ನಡೆಯಲ್ಲ" ಎನ್ನುತ್ತಾನೆ. ಆಗ ಅವಳು ಬಾಗಿಲ ಹಿಂದಿನ ಗೂಟದ ಬಳಿ ಹೋಗುತ್ತಾಳೆ. ಅಲ್ಲಿ ಗಂಡನ ಕೆಲಸದ ಕೋಟು ನೇತಾಡುತ್ತಿದೆ. ಎದೆಯೊಳಗೆ ಕಲ್ಲಿನ ಪುಡಿ ತುಂಬಿಕೊಂಡು ಅವನು ಸತ್ತ ದಿನದಿಂದ, ಆ ಮನೆಯಲ್ಲಿ ಅವಳು ಒಗೆಯದೆ ಇಟ್ಟದ್ದು ಅದೊಂದನ್ನೇ. ಅದಕ್ಕೆ ಅಂಗೈಯಿಂದ ರಪ್ಪನೆ ಬಡಿಯುತ್ತಾಳೆ. ಬೂದು ಧೂಳೆದ್ದು ಅಧಿಕಾರಿ ಕೆಮ್ಮತೊಡಗಿದಾಗ ಹೇಳುತ್ತಾಳೆ: "ನನ್ನ ಗಂಡನ್ನ ಕೊಂದಿದ್ದು ಇದು, ನಿಮ್ಮ ದೇಶದ್ದು. ಇದನ್ನೂ ಜಪ್ತಿ ಮಾಡ್ಕೊಂಡು ಹೋಗಪ್ಪ."