ಬಿದ್ದ ಗೋಪುರದ ಮೇಲೆ ಮೂವರಿದ್ದರು

ಬೆಳಗಿನ ಆರು ಗಂಟೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡಿಜಿಟಲ್ ಮ್ಯೂಸಿಯಂನ ಕಿಟಕಿಯಿಲ್ಲದ ಹಾಲ್‌ನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಸ್ಟೂಲಿನ ಮೇಲೆ ಕೂತ ಐವತ್ತೆಂಟರ ಒಬ್ಬ ವ್ಯಕ್ತಿ, ನಿನ್ನೆ ಬಂದವರ ಬೆವರು, ಪೌಡರು, ತಲೆ ಎಣ್ಣೆ ಮೆತ್ತಿದ, ಕಣ್ಣಿಗೆ ಕಟ್ಟುವ ಹೆಡ್‌ಸೆಟ್‌ಗಳನ್ನು ಒಂದೊಂದಾಗಿ ಒರೆಸುತ್ತಿದ್ದಾರೆ. ಒಟ್ಟು ನಲವತ್ತು. ಗಾಜಿಗೆ ಒಂದು ಬಟ್ಟೆ, ಪಟ್ಟಿಗೆ ಇನ್ನೊಂದು. ಹತ್ತು ಮುಗಿಯುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬರುತ್ತದೆ. ಗೋಡೆಗೆ ಕೈ ಊರಿ, ಅದು ತಣಿಯುವ ತನಕ ಕಾದು, ಹನ್ನೊಂದನೆಯದಕ್ಕೆ ಕೈ ಹಾಕುತ್ತಾರೆ.

"ಕುದುರೆಗೆ ಕಣ್ಣುಪಟ್ಟಿ ಕಟ್ತಾರಲ್ಲ, ಅದೇ ಇದು. ಅವರು ಏನು ತೋರಿಸಬೇಕು ಅಂತಾರೋ ಅಷ್ಟೇ ಕಾಣೋದು" ಎಂದು ನಗುತ್ತಾರೆ. ನಗುವಿನ ಹಿಂದೆಯೇ ಮತ್ತೆ ಕೆಮ್ಮು.

ಇಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ಯಾಕೆ ಹಾಗೆನ್ನುತ್ತಾರೆ ಎನ್ನುವುದು ಟಿಕೆಟ್ ಕೌಂಟರಿನ ಹೊಸ ಹುಡುಗಿಯರಿಗೆ ಗೊತ್ತಿಲ್ಲ.

ರಸ್ತೆಯ ಆಚೆ ಬದಿಯಲ್ಲಿ ಆರುನೂರು ವರ್ಷದ ಪ್ರಾರ್ಥನಾ ಮಂದಿರವಿದೆ. ಅದರ ಉತ್ತರದ ಗೋಪುರ ಕುಸಿದು ಆರು ವರ್ಷವಾಯಿತು. ಅಂದಿನಿಂದ ಸುತ್ತ ತಗಡಿನ ಬೇಲಿ, ಬಾಗಿಲಿಗೆ ಬೀಗ. ಒಳಗೆ ಹೋಗಲಾಗದ ಜನ ಇಲ್ಲಿಗೆ ಬಂದು ಹೆಡ್‌ಸೆಟ್ ಹಾಕಿಕೊಂಡು ಮಂದಿರ ನೋಡುತ್ತಾರೆ. ಕಂಬಗಳ ನಡುವೆ ನಡೆಯುತ್ತಾರೆ, ಇನ್ನೂರ ಹನ್ನೆರಡು ಮೆಟ್ಟಿಲನ್ನು ನಿಂತಲ್ಲೇ ಹತ್ತುತ್ತಾರೆ, ತುದಿಯಿಂದ ಊರನ್ನು ಕಣ್ತುಂಬಿಕೊಳ್ಳುತ್ತಾರೆ. ಹದಿಮೂರನೇ ನಿಮಿಷಕ್ಕೆ ಅದೇ ಗೋಪುರ ಅವರ ಕಣ್ಣೆದುರು ಕುಸಿದು ಬೀಳುತ್ತದೆ. ನೆಲವೇ ನಡುಗುವ ಹಾಗೆ ಸದ್ದು. ಕೆಲವರು ಕಿರುಚುತ್ತಾರೆ, ಕೆಲವರು ಚಪ್ಪಾಳೆ ತಟ್ಟುತ್ತಾರೆ.

ದಿನಕ್ಕೆ ಒಂಬತ್ತು ಪ್ರದರ್ಶನ, ಹೆಚ್ಚುಕಡಿಮೆ ಮುನ್ನೂರು ಜನ. ಅವರಲ್ಲಿ ನಾಲ್ಕೈದು ಮಂದಿಗೆ ತಲೆ ಸುತ್ತುತ್ತದೆ, ಒಬ್ಬರಾದರೂ ವಾಂತಿ ಮಾಡುತ್ತಾರೆ. ವಾಲುವವರನ್ನು ಹಿಡಿಯುವುದು, ಬಿದ್ದದ್ದನ್ನು ಬಳಿಯುವುದು ಮೇಸ್ತ್ರಿಯ ಕೆಲಸ. "ತೋಳು ಹಿಡಿದ್ರೆ ಸಾಕು, ಅಮ್ಮ ಸಿಕ್ಕಿದ ಮಗು ಥರ ಸುಮ್ಮನಾಗ್ತಾರೆ. ಮೀಸೆ ಹೊತ್ತವರೂ ಅಷ್ಟೇ" ಎನ್ನುತ್ತಾರೆ. ಒಂಬತ್ತು ಸಲವೂ ಆ ಸದ್ದು ಕೇಳುವ ಅವರು ಹೆಡ್‌ಸೆಟ್ಟನ್ನು ಒಮ್ಮೆಯೂ ತಮ್ಮ ತಲೆಗೆ ಏರಿಸಿಲ್ಲ.

ಮೇಸ್ತ್ರಿ ಕಲ್ಲುಕುಟಿಗರು. ಇಪ್ಪತ್ತೊಂಬತ್ತು ವರ್ಷ ಆ ಮಂದಿರದಲ್ಲೇ ಉಳಿ ಹಿಡಿದವರು. ಸವೆದ ಕಲ್ಲನ್ನು ಕೆತ್ತಿ ತೆಗೆದು, ಅದೇ ಅಳತೆಗೆ, ಅದೇ ಬಳ್ಳಿ ಅದೇ ಎಲೆ ಮೂಡಿಸಿ ಹೊಸದನ್ನು ಕೂರಿಸುವ ಕೆಲಸ. ತಮಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮನಿಗೂ ಅವರೇ ಕೈ ಹಿಡಿದು ಕಲಿಸಿದರು. "ನನಗಿಂತ ಚೆನ್ನಾಗಿ ಕಲಿತ. ನಾನು ಕೆತ್ತಿದ ಎಲೆ ಎಲೆ ಥರ ಇರ್ತಿತ್ತು. ಅವನದ್ದು ಗಾಳಿಗೆ ಅಲ್ಲಾಡೋ ಥರ." ಆ ವರ್ಷಗಳಲ್ಲೇ ಕಲ್ಲಿನ ಪುಡಿ ಎದೆಗೂಡಿನಲ್ಲಿ ಮನೆ ಮಾಡಿತು. ಅರ್ಧ ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಧೂಳಿನಲ್ಲಿ ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ಎಂಟು ತಿಂಗಳು ನಿಂತರು.

ಗೋಪುರದ ನಾಲ್ಕನೇ ಅಂತಸ್ತಿನಲ್ಲಿ ಬಿರುಕು ಕಂಡದ್ದು ಅಣ್ಣ ತಮ್ಮ ಇಬ್ಬರಿಗೂ ಒಟ್ಟಿಗೇ. ಬಿರುಕು ಬೆಳೆಯುತ್ತಿದೆಯೇ ಎಂದು ನೋಡಲು ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಚೂರೊಂದನ್ನು ಗಾರೆ ಹಚ್ಚಿ ಕೂರಿಸಿದರು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಎರಡೇ ದಿನಕ್ಕೆ ಒಡೆಯಿತು. ಚೂರುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಇಂಜಿನಿಯರಿಗೆ ತೋರಿಸಿದರು. ದುರಸ್ತಿಯಾದ ಗೋಪುರದ ಉದ್ಘಾಟನೆಯ ದಿನ ಗೊತ್ತಾಗಿಬಿಟ್ಟಿದೆ, ಹೋಗಿ ಕೆಲಸ ನೋಡಿ ಎಂಬ ಉತ್ತರ ಸಿಕ್ಕಿತು.

ಗಾಜು ಕೂರಿಸಿದ ಐದನೇ ದಿನ ಮಧ್ಯಾಹ್ನ ಮೊಂಡಾದ ಉಳಿಗಳನ್ನು ಹದ ಮಾಡಿಸಲು ಯಾರಾದರೂ ಕೆಳಗೆ ಇಳಿಯಬೇಕಿತ್ತು. ಅದು ತಮ್ಮನ ಸರದಿ. "ಉಸಿರು ಕಟ್ತಾ ಇದೆ ಕಣೋ, ನಾನೇ ಹೋಗ್ತೀನಿ, ಕೆಳಗೆ ಸ್ವಲ್ಪ ಕೂತಿದ್ದು ಬರ್ತೀನಿ ಅಂದೆ. ಇಳಿಯೋಕೇನೋ ಇಳೀತೀಯ, ಹತ್ತಿಸೋಕೆ ನಾನೇ ಹೊತ್ಕೊಂಡು ಬರಬೇಕು ಅಂತ ನಕ್ಕ." ಮೇಸ್ತ್ರಿ ಕುಲುಮೆಯ ಶೆಡ್ಡಿನ ಹತ್ತಿರ ಬಂದಿದ್ದರು, ಅಷ್ಟೇ. ಹಿಂತಿರುಗಿ ನೋಡಿದಾಗ ಗೋಪುರವಿದ್ದ ಜಾಗದಲ್ಲಿ ಬರೀ ಆಕಾಶವಿತ್ತು. ಮೇಲೆ ಮೂವರಿದ್ದರು. ತಮ್ಮ ಸಿಕ್ಕಿದ್ದು ಮರುದಿನ ಸಂಜೆ.

ಹಳೆಯ ಗಾರೆ ದುರ್ಬಲವಾಗಿತ್ತು ಎಂದು ತನಿಖೆಯ ವರದಿ ಹೇಳಿತು. ಮೇಸ್ತ್ರಿ ಎರಡು ಸಲ ಗಾಜಿನ ಚೂರು ಹಿಡಿದುಕೊಂಡು ತನಿಖೆಯವರ ಹತ್ತಿರ ಹೋದರು. ಕಾಗದ ಬಿಚ್ಚಿ ನೋಡುವವರೇ ಇರಲಿಲ್ಲ. ಆಮೇಲೆ ಅವರು ಉಳಿ ಹಿಡಿಯಲೇ ಇಲ್ಲ. ಮ್ಯೂಸಿಯಂ ಶುರುವಾದಾಗ, ಹಳೆಯ ಕೆಲಸಗಾರ ಪಾಪ ಎಂದು ಈ ಕೆಲಸ ಕೊಟ್ಟರು.

ತಮ್ಮನ ಹೆಂಡತಿ ಆರು ವರ್ಷ ಅವರ ಜೊತೆ ಮಾತಾಡಲಿಲ್ಲ. ಅಂದು ಇಳಿಯಬೇಕಿದ್ದವರು ಯಾರೆಂದು ಆಕೆಗೆ ಗೊತ್ತಿತ್ತು. ಹೇಳಿದ್ದೂ ಮೇಸ್ತ್ರಿಯೇ. ಮುಚ್ಚಿಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲವಂತೆ.

ಕಳೆದ ತಿಂಗಳು ಮೂರನೇ ಪ್ರದರ್ಶನದ ಸಾಲಿನಲ್ಲಿ ಆಕೆ ನಿಂತಿದ್ದರು. ಪಟ್ಟಿ ಬಿಗಿಯಲು ಹೋದಾಗಲೇ ಮೇಸ್ತ್ರಿಗೆ ಗುರುತು ಸಿಕ್ಕಿದ್ದು. "ಬೇಡಮ್ಮ, ಇದನ್ನ ನೋಡಬೇಡ" ಎಂದರು. "ಹಾಕಿ ಭಾವ. ಅವರು ಇದ್ದ ಜಾಗ ನಾನು ಒಂದು ಸಲವೂ ನೋಡಿಲ್ಲ" ಎಂದರು ಆಕೆ.

ಹದಿಮೂರನೇ ನಿಮಿಷಕ್ಕೆ ಸುತ್ತಲಿದ್ದವರು ಕಿರುಚಿದರು. ಆಕೆ ಒಂದು ಕೈ ಮುಂದೆ ಚಾಚಿಕೊಂಡು ನಿಂತೇ ಇದ್ದರು. "ಕಾಲನ ಹೊಡೆತಕ್ಕೆ ಸಿಕ್ಕಿ ಗೋಪುರ ಧರೆಗುರುಳಿತು" ಎಂದು ಸ್ಪೀಕರಿನಲ್ಲಿ ಗಂಭೀರ ದನಿ ಹೇಳಿತು. ಮೇಸ್ತ್ರಿ ಹೆಡ್‌ಸೆಟ್ ತೆಗೆದರು. ಆಕೆಯ ಕಣ್ಣಲ್ಲಿ ನೀರಿರಲಿಲ್ಲ.

"ಅಲ್ಲಿ ಯಾರೂ ಇಲ್ಲ ಭಾವ. ಮೇಲೆಲ್ಲ ಹುಡುಕಿದೆ. ಒಬ್ಬರೂ ಇಲ್ಲ."

ಅಂದಿನಿಂದ ಮೇಸ್ತ್ರಿ ಪ್ರತಿಯೊಬ್ಬರ ಹೆಡ್‌ಸೆಟ್ ಬಿಚ್ಚುವಾಗಲೂ ಮೆಲ್ಲಗೆ ಹೇಳುತ್ತಾರೆ: "ಅವತ್ತು ಮೇಲೆ ಮೂರು ಜನ ಇದ್ರು. ಬಿರುಕಿದೆ ಅಂತ ಮೊದಲೇ ಹೇಳಿದ್ವಿ." ಹೆಚ್ಚಿನವರಿಗೆ ತಲೆ ಸುತ್ತುವ ಗುಂಗಿನಲ್ಲಿ ಕೇಳಿಸುವುದೇ ಇಲ್ಲ. ಕೇಳಿಸಿಕೊಂಡ ಕೆಲವರು ಬಾಗಿಲ ಬಳಿ ನಿಂತು ಹಿಂತಿರುಗಿ ನೋಡುತ್ತಾರೆ. ಒಬ್ಬರು ದೂರು ಬರೆದರು: ರಜೆಯ ದಿನ ಮನಸ್ಸು ಕೆಡಿಸಿದರು ಎಂದು.

ಮ್ಯಾನೇಜರ್ ಕರೆಸಿ ಕೇಳಿದರು: "ಜನ ಖುಷಿಯಾಗಿರೋಕೆ ಬರ್ತಾರೆ ಮೇಸ್ತ್ರಿ. ನಿಮಗ್ಯಾಕೆ ಈ ಉಸಾಬರಿ?" ಮೊದಲ ನೋಟಿಸು ಬಂತು, ಎರಡನೆಯದೂ ಬಂತು. ಈ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ. ಹೆಂಡತಿ ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಆಮ್ಲಜನಕದ ಯಂತ್ರ ಈ ವರ್ಷ ಬೇಕಾಗಬಹುದು ಎಂದು ಡಾಕ್ಟರು ಹೇಳಿಯಾಗಿದೆ. "ಸುಮ್ಮನಿದ್ದಿದ್ರೆ ಆಗ್ತಿತ್ತಲ್ಲ ಅಂತಾಳೆ. ಅವಳು ಹೇಳೋದೂ ಸರಿನೇ. ಆದ್ರೆ ಆರು ವರ್ಷ ಸುಮ್ಮನೇ ಇದ್ದೆನಲ್ಲ" ಎನ್ನುತ್ತಾರೆ.

ಒಂಬತ್ತೂವರೆ. ಮೊದಲ ಪ್ರದರ್ಶನದ ಜನ ಒಳಗೆ ಬರುತ್ತಿದ್ದಾರೆ. ಮೇಸ್ತ್ರಿ ಅಂಗಿ ಸರಿಪಡಿಸಿಕೊಂಡು ಏಳುತ್ತಾರೆ. ಕೆಲಸ ಬಿಟ್ಟು ಹೋಗುವ ಮುಂಚೆ ಆಗಬೇಕಾದ್ದು ಏನಾದರೂ ಇದೆಯೇ ಎಂದರೆ ಕೈಯಲ್ಲಿದ್ದ ಹೆಡ್‌ಸೆಟ್ಟನ್ನು ತಿರುಗಿಸಿ ನೋಡುತ್ತಾರೆ.

"ಕಂಪ್ಯೂಟರಿನಲ್ಲಿ ಹಕ್ಕಿ ಬರೆದಿದಾರಂತೆ, ಮೋಡ ಬರೆದಿದಾರಂತೆ. ನಾಲ್ಕನೇ ಅಂತಸ್ತಿನಲ್ಲಿ ಮೂರು ಜನಾನೂ ಬರೀಲಿ. ಒಬ್ಬನ್ನ ಎಡಗಾಲು ಮಡಚಿಸಿ ಕೂರಿಸಲಿ, ತಮ್ಮ ಹಂಗೇ ಕೂರ್ತಿದ್ದ. ಮುಖ ಸರಿಯಾಗಿ ಬರದಿದ್ರೂ ಪರವಾಗಿಲ್ಲ. ಬೆನ್ನು ಕಂಡ್ರೆ ಸಾಕು, ಅವನ ಹೆಂಡತಿ ಗುರುತು ಹಿಡೀತಾಳೆ."