ತಾರಸಿಗೆ ನೀರುಣಿಸುವ ಸುಗ್ರಾ ಬೀ

ಚಳ್ಳಕೆರೆಯ ಸಮಸ್ತ ನಾಗರಿಕರೂ ತಿಳಿದಿರಬೇಕಾದ ಗಂಭೀರ ಸಂಗತಿಯೊಂದಿದೆ: ಪಾವಗಡ ರಸ್ತೆಯ ಹೊಸ ತಾರಸಿಯೊಂದರ ಮೇಲೆ ನಿನ್ನೆ ಸಂಜೆ ನಿಲ್ಲಿಸಿದ್ದ ನೀರು ಬೆಳಗಾಗುವಷ್ಟರಲ್ಲಿ ಒಂದು ಮೂಲೆಯಲ್ಲಿ ಆರಿಹೋಗಿದೆ. ಊರು ಮುಸುಕು ಹೊದ್ದು ಮಲಗಿದೆ. ನಿದ್ದೆ ಕೆಟ್ಟಿರುವುದು ಸುಗ್ರಾ ಬೀ ಒಬ್ಬರಿಗೇ.

ಪರಶುರಾಂಪುರದ ಕಡೆ ಈರುಳ್ಳಿಗೆ ಮಡಿ ಮಾಡುವ ಹಾಗೆ, ಹೊಸದಾಗಿ ಹಾಕಿದ ಸ್ಲ್ಯಾಬಿನ ಮೇಲೆ ಗಾರೆಯಿಂದ ಬದು ಕಟ್ಟಿ ನೀರು ನಿಲ್ಲಿಸುವುದು ಅವರ ಕಸುಬು. ಒಡೆದ ಬದುವಿಗೆ ಅಂಗೈಯಲ್ಲೇ ಗಾರೆ ಮೆತ್ತುತ್ತಾರೆ. "ಹೊಸ ಸ್ಲ್ಯಾಬು ಎಳೆಗೂಸು ಇದ್ದಂಗೆ. ಬಾಯಿ ಆರಿಸಬಾರ್ದು" ಎನ್ನುತ್ತಾರೆ.

ದಿನಕ್ಕೆ ತೊಂಬತ್ತು ಕೊಡ, ಇಪ್ಪತ್ತೆರಡು ಮೆಟ್ಟಿಲಿನ ಬಿದಿರೇಣಿ. ಲಾರಿ ಮೆಕ್ಯಾನಿಕ್ಕಾಗಿದ್ದ ಗಂಡ ಬುಡೇನ್ ಸಾಬ್ ಬೆನ್ನು ಮುರಿದುಕೊಂಡು ಮನೆಯಲ್ಲಿ ಕೂತಂದಿನಿಂದ, ಅಂದರೆ ಹದಿನೆಂಟು ವರ್ಷದಿಂದ ಇದೇ ಲೆಕ್ಕ. "ಹತ್ತುವಾಗ ಬಲಮಂಡಿ ನೋಯ್ತದೆ, ಇಳಿಯುವಾಗ ಎಡಮಂಡಿ. ಎರಡೂ ಒಟ್ಟಿಗೆ ನೋಯಲ್ಲ, ಅಲ್ಲಾನ ದಯ."

ಕಂಬಿಯ ಲೆಕ್ಕ ಇಂಜಿನಿಯರಿಗೆ ಗೊತ್ತು, ಸಿಮೆಂಟಿನದು ಮೇಸ್ತ್ರಿಗೆ. ಯಾವ ತಾರಸಿ ಎಷ್ಟು ದಿನ ನೀರು ಕುಡಿದಿದೆ ಎಂಬುದು ಮಾತ್ರ ಸುಗ್ರಾ ಬೀ ತಲೆಯಲ್ಲೇ ಇದೆ. ಹಾಗಾಗಿ ಹಳೇ ಮನೆಗೆ ಮಹಡಿ ಏರಿಸುವವರು ಮೊದಲು ಅವರನ್ನು ಕರೆಸುತ್ತಾರೆ.

ಹೋದ ವರ್ಷ ಕರೆಸಿದವರು ಕಡಲೆಕಾಯಿ ವ್ಯಾಪಾರಿ ಜಂಬುಲಿಂಗಪ್ಪ. ಹತ್ತಿರದ ಕುದಾಪುರದ ಹೊಸ ಸಂಸ್ಥೆಗೆ ವಿಜ್ಞಾನಿಗಳು ಬರುತ್ತಾರಂತೆ, ಅವರಿಗೆ ಬಾಡಿಗೆಗೆ ಮಹಡಿ ಬೇಕು. ತಾರಸಿಯ ಮೇಲೆ ಇಂಜಿನಿಯರ್ ಶಶಿಕಾಂತ್ ಎಲ್ಲ ಅಳೆದು, "ಕ್ಯೂರಿಂಗ್ ಸರಿಯಾಗಿ ಆಗಿತ್ತಾ? ನೀರು ಎಷ್ಟು ದಿನ ಕುಡಿಸಿದ್ರಿ?" ಎಂದರು.

"ಇಪ್ಪತ್ತೊಂದು ದಿನ! ಹಾಸಿದ್ದ ಗೋಣಿಚೀಲ ದಿನಾ ಒದ್ದೆ ಇರ್ತಿತ್ತು, ನಾನೇ ನೋಡೀನಿ. ನೀರು ಹಾಕಿದೋಳು ನೀನೇ ಅಲ್ವಾ, ಹೇಳವ್ವ ಬೀ" ಎಂದರು ಜಂಬುಲಿಂಗಪ್ಪ.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಇಲ್ಲ ಅಂದರೆ ಈ ಊರಲ್ಲಿ ಇನ್ಯಾರು ಕೆಲಸಕ್ಕೆ ಕರೆದಾರು? ಸುಗ್ರಾ ಬೀ ಸೆರಗು ತಲೆಗೆಳೆದುಕೊಂಡರು.

"ಚೀಲ ಒದ್ದೆ ಇತ್ತು ಸಾವ್ಕಾರ್ರೆ. ಸ್ಲ್ಯಾಬು ನೀರು ಕುಡಿದಿದ್ದು ನಾಕೇ ದಿನ. ಮಿಕ್ಕಿದ್ದು ಹಿಂದಿನ ಗಲ್ಲಿಯೋರು ಕುಡಿದ್ರು."

ಅದು 2002ರ ಬೇಸಿಗೆ. ನಲ್ಲಿಯಲ್ಲಿ ಒಂಬತ್ತು ದಿನಕ್ಕೊಮ್ಮೆ ನೀರು. ಜಂಬುಲಿಂಗಪ್ಪ ಮಾತ್ರ ತಾರಸಿಗೆಂದು ದಿನಾ ಟ್ಯಾಂಕರ್ ತರಿಸಿ ತೊಟ್ಟಿ ತುಂಬಿಸುತ್ತಿದ್ದರು. ಐದನೇ ದಿನ ಗಲ್ಲಿಯ ನಿಂಗಕ್ಕ ಖಾಲಿ ಕೊಡ ಹಿಡಿದು ಬಂದು, "ಕಲ್ಲಿಗೆ ಕುಡಿಸ್ತೀಯಲ್ಲ ಬೂಬಮ್ಮ, ನಮ್ಮ ಹುಡುಗ್ರಿಗೆ ಒಂದು ಕೊಡ ಇಲ್ವಾ?" ಅಂದಿದ್ದಳು. ಅಂದಿನಿಂದ ತೊಟ್ಟಿ ಗಲ್ಲಿಯದಾಯಿತು, ಚೀಲಕ್ಕೆ ಎರಡು ಚೊಂಬು ಚಿಮುಕಿಸಿದ್ದಾಯಿತು.

"ಏಳು ವರ್ಷ ಬಾಯಿ ಮುಚ್ಕೊಂಡಿದ್ದೆಯಲ್ಲಾ!" ಜಂಬುಲಿಂಗಪ್ಪ ಹೌಹಾರಿದರು.

"ತನ್ನ ಭಾರ ತಾನು ಹೊತ್ಕೊಂಡೈತೆ, ಇರ್ಲಿ ಅಂತ ಸುಮ್ನಿದ್ದೆ. ಅದರ ತಲೆ ಮೇಲೆ ಇನ್ನೊಂದು ಮನೆ ಇಡ್ತೀನಿ ಅಂದ್ರೆ ಹೆಂಗ್ ಸುಮ್ನಿರ್ಲಿ? ಕೆಳಗೆ ನೀವು ಮಲಗೋರಲ್ವಾ?"

ಶಶಿಕಾಂತ್ ನಾಲ್ಕು ಕಡೆ ಉಳಿಯಿಟ್ಟು ಬಡಿದರು. ತಾರಸಿ ರಾಗಿಹಿಟ್ಟಿನಂತೆ ಉದುರಿತು. "ಇದರ ಮೇಲೆ ಗೋಡೆ ಏಳಂಗಿಲ್ಲ" ಎಂದು ಟೇಪು ಸುತ್ತಿಕೊಂಡರು.

ಜಂಬುಲಿಂಗಪ್ಪ ಬಾಯಿ ತೆರೆಯುವ ಮೊದಲೇ ಹೆಂಡತಿ ಮಂಜುಳಮ್ಮ ಏಣಿಯ ಬಳಿಯಿಂದ ಕೇಳಿದರು: "ಆ ವರ್ಷ ಗಲ್ಲಿಯೋರೆಲ್ಲ ನಿಮಗೆ ಕೈಮುಗಿದು ಪುಣ್ಯಾತ್ಮರು ಅಂತಿದ್ರಲ್ಲ, ಯಾಕೆ ಅಂತ ಒಂದಿನಾನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ನೀರು ಸಾವ್ಕಾರರೇ ಕೊಡಿಸಿದ್ದು ಎಂದು ಸುಗ್ರಾ ಬೀ ಗಲ್ಲಿಯಲ್ಲಿ ಹೇಳಿದ್ದರು. ಸಾವ್ಕಾರರು ಬಂದ ಮರ್ಯಾದೆಯನ್ನು ಒಪ್ಪಿಕೊಂಡಿದ್ದರು, ಕಾರಣ ವಿಚಾರಿಸಿರಲಿಲ್ಲ.

ಸುಗ್ರಾ ಬೀಗೆ ಇದ್ದ ಆಸೆ ಒಂದೇ. "ಬೇರೆ ಕಡೆ ಕಟ್ಟಿಸಿದ್ರೆ ನೀರು ನಾನೇ ಹಾಕ್ಬೇಕು. ಈ ಸಲ ನೆಟ್ಟಗೆ."

ಮಹಡಿ ಏಳಲಿಲ್ಲ. ಹಿತ್ತಲಲ್ಲಿ ಹೊಸ ಪಾಯ ಹಾಕಿ ಎರಡು ಕೋಣೆ ಕಟ್ಟಿಸಿದರು. ಜಂಬುಲಿಂಗಪ್ಪ ಸುಗ್ರಾ ಬೀಯನ್ನೇ ಕರೆದರು. ಹೊಸ ತಾರಸಿಯ ಮೇಲೆ ಇಪ್ಪತ್ತೊಂದು ದಿನವೂ ನೀರು ನಿಂತಿತ್ತು.